ಸಮೂಹಗಾನ ಮದ್ದಂತೆ, ಹಾಡಿಸುವವರು ಯಾರು?

ಬ್ರಿಟನ್ನಿನಿಂದ ಕೆಲವು ವರ್ಷಗಳಿಂದ ಬರುತ್ತಿರುವ ಎರಡು ಬಗೆಯ ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ತಲೆ ಗೊಂದಲವಾಗುವುದು ಸಹಜ. ಒಂಟಿತನ, ಖಿನ್ನತೆ, ಉಸಿರಾಟದ ತೊಂದರೆ ಇರುವವರನ್ನು ಅಲ್ಲಿನ ವೈದ್ಯರು ಊರಿನ ಗಾಯನವೃಂದಕ್ಕೆ ಕಳುಹಿಸುತ್ತಿದ್ದಾರೆ ಎಂಬುದು ಒಂದು. ಜಗತ್ತಿನ ಶ್ರೇಷ್ಠ ಗಾಯನವೃಂದಗಳಲ್ಲಿ ಒಂದನ್ನು ಕಟ್ಟಿ ಬೆಳೆಸಿದ ನಿರ್ದೇಶಕರು ಗಾಯಕನೊಬ್ಬನಿಗೆ ಹೊಡೆದು, ತಾವೇ ಸ್ಥಾಪಿಸಿದ ಸಂಸ್ಥೆಯಿಂದ ಹೊರಬಿದ್ದು, ಹೊಸ ವೃಂದ ಕಟ್ಟಿಕೊಂಡು ಮತ್ತೆ ವೇದಿಕೆ ಏರಿದ್ದಾರೆ ಎಂಬುದು ಇನ್ನೊಂದು. ಈ ಎರಡರ ನಡುವೆ ವೃಂದನಿರ್ದೇಶಕರಿಗೆ ಮತ್ತು ಗಾಯಕರಿಗೆ ಮೈಂಡ್‌ಫುಲ್‌ನೆಸ್ (ಆಯಾ ಕ್ಷಣದ ಅರಿವಿನಲ್ಲಿ ಮನಸ್ಸು ನಿಲ್ಲಿಸುವ ಅಭ್ಯಾಸ) ಶಿಬಿರ, ಸ್ವಾಸ್ಥ್ಯ ಕಾರ್ಯಾಗಾರ, ಧ್ಯಾನದ ಆ್ಯಪ್‌ಗಳ ವ್ಯಾಪಾರವೂ ಕುದುರಿದೆ. ಹಾಡು ಮನಸ್ಸಿಗೆ ಅಷ್ಟೊಂದು ಹಿತವಾದರೆ ದಿನವಿಡೀ ಹಾಡುವವರಿಗೇ ಧ್ಯಾನದ ಪಾಠ ಏಕೆ ಬೇಕಾಯಿತು?

ಪ್ರಶ್ನೆ ನ್ಯಾಯವಾದದ್ದು. ಉತ್ತರಕ್ಕೆ ತಾಲೀಮಿನ ಕೋಣೆಯೊಳಗೆ ಇಣುಕಬೇಕು.

ತಪ್ಪು ಬದಿಗೆ ಇಳಿದದ್ದಕ್ಕೆ ಪೆಟ್ಟು

2023ರ ಆಗಸ್ಟ್ 22. ಆಗ್ನೇಯ ಫ್ರಾನ್ಸಿನ ಲಾ ಕೋತ್ ಸಾಂತಾಂದ್ರೆ ಎಂಬ ಪುಟ್ಟ ಊರು ಸಂಗೀತಕಾರ ಬರ್ಲಿಯೋಜ್ ಹುಟ್ಟಿದ ಸ್ಥಳ. ಅವರ ಹೆಸರಿನ ಉತ್ಸವದಲ್ಲಿ ಟ್ರಾಯ್ ನಗರದ ಪತನವನ್ನು ಹೇಳುವ ಅವರದೇ ಬೃಹತ್ ಆಪೆರಾ (ಗೀತನಾಟಕ) ನಡೆದಿತ್ತು. ನಿರ್ದೇಶಕರು ಆಗ 80 ವರ್ಷದ ಜಾನ್ ಎಲಿಯಟ್ ಗಾರ್ಡಿನರ್. 1964ರಲ್ಲಿ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಮಾಂಟೆವೆರ್ಡಿ ಕಾಯಿರ್ ಎಂಬ ಗಾಯನವೃಂದ ಕಟ್ಟಿದವರು. 2023ರ ಮೇ ತಿಂಗಳಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದ ದಿನ ಚರ್ಚಿನಲ್ಲಿ ಹಾಡಿಸಿದ್ದವರು. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಅವರು ವಿಲಿಯಂ ಥಾಮಸ್ ಎಂಬ ಯುವ ಗಾಯಕನಿಗೆ ಹೊಡೆದರು. ಆತನ ತಪ್ಪು, ವೇದಿಕೆಯಿಂದ ಇಳಿಯಬೇಕಾದ ಬದಿ ಬಿಟ್ಟು ಇನ್ನೊಂದು ಬದಿಗೆ ಇಳಿದದ್ದು.

ಗಾರ್ಡಿನರ್ ಕ್ಷಮೆ ಕೇಳಿದರು. ತಮ್ಮ ವರ್ತನೆಗೆ ಸಬೂಬು ಹೇಳುವುದಿಲ್ಲ ಎಂದರು. ತಮಗೆ ಬಹುಕಾಲದಿಂದ ಬೇಕಾಗಿದ್ದ ತಜ್ಞರ ನೆರವು ಪಡೆಯುವುದಾಗಿ ತಿಳಿಸಿ ಆ ವರ್ಷದ ಉಳಿದೆಲ್ಲ ಕಾರ್ಯಕ್ರಮಗಳಿಂದ ಹಿಂದೆ ಸರಿದರು. ಬಿಸಿಲಿನ ಝಳ, ಔಷಧದಲ್ಲಿ ಆದ ಬದಲಾವಣೆ ಕಾರಣವಿರಬಹುದು ಎಂದು ಅವರ ಕಡೆಯವರು ಹೇಳಿದ್ದೂ ವರದಿಯಾಯಿತು. ಸಹನಿರ್ದೇಶಕ ಡಿನಿಸ್ ಸೂಸಾ ಪ್ರವಾಸವನ್ನು ಮುಗಿಸಿಕೊಟ್ಟರು. 2024ರ ಜುಲೈನಲ್ಲಿ ಸಂಸ್ಥೆಯ ಆಡಳಿತ ಮಂಡಳಿ, ಗಾರ್ಡಿನರ್ ಇನ್ನು ಮರಳುವುದಿಲ್ಲ ಎಂದು ಪ್ರಕಟಿಸಿತು. ಕೆಲವೇ ತಿಂಗಳಲ್ಲಿ ಅವರು ಕಾನ್‌ಸ್ಟಲೇಷನ್ ಎಂಬ ಹೊಸ ವೃಂದದೊಂದಿಗೆ ಮರಳಿದರು. ಆ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಎಲ್ಬ್‌ಫಿಲ್‌ಹಾರ್ಮೋನಿ ಸಭಾಂಗಣದಲ್ಲಿ ಹಳೆಯ ವೃಂದವೂ ಹೊಸ ವೃಂದವೂ ಕೆಲವು ದಿನಗಳ ಅಂತರದಲ್ಲಿ ಹಾಡಿದವು. ಟಿಕೆಟ್ ಕೊಳ್ಳುವವರಿಗೆ ಆಯ್ಕೆ ಸಿಕ್ಕಿತು. ನೈತಿಕ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಚಿಕಿತ್ಸೆ ಪಡೆದು, ತಪ್ಪೊಪ್ಪಿಕೊಂಡ ಕಲಾವಿದನಿಗೆ ಮತ್ತೆ ಅವಕಾಶವಿರಬಾರದೇ ಎಂದು ಒಂದು ಪಕ್ಷ ಕೇಳುತ್ತದೆ. ಆತನೆದುರು ನಿಂತು ಹಾಡಬೇಕಾದವರ ಸುರಕ್ಷತೆಯ ಹೊಣೆ ಸಂಸ್ಥೆಯದಲ್ಲವೇ ಎಂದು ಇನ್ನೊಂದು ಪಕ್ಷ. ಎರಡೂ ಮಾತುಗಳು ಸರಿ ಇರಬಲ್ಲವು. ಆದರೆ ಇಡೀ ವಿವಾದ ಒಬ್ಬ ವ್ಯಕ್ತಿಯ ಕೋಪಕ್ಕೆ ಕುಗ್ಗಿಹೋದದ್ದರಿಂದ, ಸಮೂಹಗಾನ ಯಾವಾಗ ಆರೋಗ್ಯ ಕೊಡುತ್ತದೆ, ಯಾವಾಗ ಕಸಿದುಕೊಳ್ಳುತ್ತದೆ ಎಂಬ ದೊಡ್ಡ ಪ್ರಶ್ನೆ ಹಿಂದಕ್ಕೆ ಸರಿಯಿತು.

ವೈದ್ಯರ ಚೀಟಿಯಲ್ಲಿ ಹಾಡು

ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯು 2019ರ ಜನವರಿಯ ತನ್ನ ದೀರ್ಘಾವಧಿ ಯೋಜನೆಯಲ್ಲಿ ಸಾಮಾಜಿಕ ಶಿಫಾರಸು ಪದ್ಧತಿಗೆ ದೊಡ್ಡ ಸ್ಥಾನ ಕೊಟ್ಟಿತು. ಮಾತ್ರೆಯಿಂದ ವಾಸಿಯಾಗದ ಒಂಟಿತನ, ಕೊರಗು, ದೀರ್ಘಕಾಲದ ನೋವುಗಳಿಗೆ ತೋಟಗಾರಿಕೆ, ನಡಿಗೆ, ಚಿತ್ರಕಲೆ, ಗಾಯನದಂಥ ಚಟುವಟಿಕೆಗಳನ್ನು ಸೂಚಿಸುವ ವ್ಯವಸ್ಥೆ ಇದು. ರೋಗಿಗೂ ಊರಿನ ಸಂಘಸಂಸ್ಥೆಗಳಿಗೂ ನಡುವೆ ಕೊಂಡಿಯಾಗುವ ಸಾವಿರಕ್ಕೂ ಹೆಚ್ಚು ಕಾರ್ಯಕರ್ತರನ್ನು ನೇಮಿಸುವುದು, 2023-24ರೊಳಗೆ 9 ಲಕ್ಷ ಜನರನ್ನು ಹೀಗೆ ಕಳುಹಿಸುವುದು ಗುರಿಯಾಗಿತ್ತು.

ಇದರ ಬೆನ್ನಿಗೆ ನಿಂತ ಪುರಾವೆಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಕೋವಿಡ್ ನಂತರದ್ದು. ಇಂಗ್ಲಿಷ್ ನ್ಯಾಷನಲ್ ಆಪೆರಾ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಆಸ್ಪತ್ರೆಗಳ ಬಳಗ ಸೇರಿ, ಕೋವಿಡ್ ವಾಸಿಯಾದರೂ ಏದುಸಿರು ಬಿಡುತ್ತಿದ್ದವರಿಗಾಗಿ ಆರು ವಾರಗಳ ಆನ್‌ಲೈನ್ ಗಾಯನ ತರಗತಿ ನಡೆಸಿದವು. ಹಾಡಿಸಿದ್ದು ಜೋಗುಳಗಳನ್ನು. 150 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹಾಡಿದವರ ಮಾನಸಿಕ ಸ್ವಾಸ್ಥ್ಯದ ಅಂಕ ಏರಿತು, ಏದುಸಿರಿನ ಕೆಲವು ಅಳತೆಗಳು ಸುಧಾರಿಸಿದವು. ದೈಹಿಕ ಆರೋಗ್ಯದ ಒಟ್ಟು ಅಂಕದಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಕೊನೆಯ ವಾಕ್ಯಕ್ಕೆ ಜಾಗ ಸಿಗುವುದು ಕಡಿಮೆ.

ಅದೇ ಕೋವಿಡ್ ಕಾಲದ ಇನ್ನೊಂದು ಮುಖವೂ ಇದೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಹವ್ಯಾಸಿ ವೃಂದವೊಂದು ಎರಡೂವರೆ ಗಂಟೆ ತಾಲೀಮು ನಡೆಸಿತು. ಬಂದಿದ್ದ 61 ಮಂದಿಯಲ್ಲಿ 53 ಮಂದಿಗೆ ಸೋಂಕು ತಗುಲಿತು ಅಥವಾ ತಗುಲಿರುವ ಸಂಭವವಿತ್ತು, ಇಬ್ಬರು ತೀರಿಕೊಂಡರು. ಒಟ್ಟಿಗೆ ಆಳವಾಗಿ ಉಸಿರೆಳೆದು ಒಟ್ಟಿಗೆ ಹೊರಹಾಕುವುದೇ ಸಮೂಹಗಾನದ ಗುಣವೂ ಹೌದು, ಆ ರಾತ್ರಿ ಅದೇ ಅಪಾಯವೂ ಆಯಿತು. ಯಾವ ಪರಿಸ್ಥಿತಿಯಲ್ಲಿ ಹಾಡುತ್ತೇವೆ ಎಂಬುದನ್ನು ಬಿಟ್ಟು ಹಾಡಿನ ಗುಣಗಾನ ಮಾಡಲಾಗದು ಎನ್ನಲು ಇದಕ್ಕಿಂತ ಕಟುವಾದ ಉದಾಹರಣೆ ಬೇಕಿಲ್ಲ.

ಉಸಿರಿನ ಲೆಕ್ಕ

ಹಾಡಿದರೆ ಹಿತವೆನಿಸುವುದರಲ್ಲಿ ಪವಾಡವೇನಿಲ್ಲ. ಮಾತಿನಲ್ಲಿ ಉಸಿರು ಎಲ್ಲೆಂದರಲ್ಲಿ ತುಂಡಾಗುತ್ತದೆ. ಹಾಡಿನ ಸಾಲು ಮುಗಿಯುವವರೆಗೆ ಅದನ್ನು ತಡೆದು, ಹದವಾಗಿ ಬಿಡಬೇಕು. ಒಳಗೆಳೆಯುವುದು ಚುಟುಕು, ಹೊರಬಿಡುವುದು ದೀರ್ಘ. ಉಸಿರು ಹೊರಹೋಗುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ಕ್ರಮ. ಹೊರಬಿಡುವ ಅವಧಿ ಹಿಗ್ಗಿದಷ್ಟೂ ಆ ಪರಿಣಾಮ ಹೆಚ್ಚು. 2013ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್‌ನ ಸಂಶೋಧಕರು ಹದಿಹರೆಯದವರ ಗುಂಪೊಂದನ್ನು ಹಾಡಿಸಿ ಅಳೆದಾಗ, ಒಂದೇ ಸಾಲನ್ನು ಒಂದೇ ಉಸಿರಿನಲ್ಲಿ ಹಾಡುವವರ ಹೃದಯಬಡಿತದ ಏರಿಳಿತಗಳೂ ಜೊತೆಜೊತೆಯಾಗಿ ಸಾಗುವುದು ಕಂಡಿತು.

ಇದಕ್ಕೂ ಮುಂಚೆ, 2001ರಲ್ಲಿ, ಇಟಲಿಯ ಲುಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಮಂದಿಯಿಂದ ಕ್ಯಾಥೊಲಿಕ್ ಕ್ರೈಸ್ತರ ಲ್ಯಾಟಿನ್ ಜಪಸರದ ಪ್ರಾರ್ಥನೆಯನ್ನೂ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ ನೋಡಿದ್ದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ದೇವರು ಬೇರೆ, ಭಾಷೆ ಬೇರೆ. ಶ್ವಾಸಕೋಶಕ್ಕೆ ಆ ಭೇದವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಸಣ್ಣ ಪ್ರಾಥಮಿಕ ಅಧ್ಯಯನವೊಂದು ಓಂಕಾರ ಪಠಿಸುವವರ ಮಿದುಳನ್ನು ಸ್ಕ್ಯಾನ್ ಮಾಡಿ, ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗುವುದನ್ನು ದಾಖಲಿಸಿತು. ಬರಿದೇ 'ಸ್‌ಸ್' ಎಂದಾಗ ಹಾಗಾಗಲಿಲ್ಲ. ಇವೆಲ್ಲ ಚಿಕ್ಕ ಪ್ರಯೋಗಗಳು ಎಂಬುದನ್ನು ಮರೆಯಬಾರದು. ಆದರೂ ದಿಕ್ಕು ಒಂದೇ.

ಉಸಿರಿನ ಜೊತೆಗೆ ಸಹವಾಸದ ಲಾಭವೂ ಇದೆ. ಹೊಸದಾಗಿ ಶುರುವಾದ ಗಾಯನ ತರಗತಿಗಳನ್ನು ಕರಕುಶಲ ಮತ್ತು ಬರವಣಿಗೆಯ ತರಗತಿಗಳ ಜೊತೆ ಹೋಲಿಸಿದ ಆಕ್ಸ್‌ಫರ್ಡ್ ಸಂಶೋಧಕರ 2015ರ ಅಧ್ಯಯನದಲ್ಲಿ, ಹಾಡುವವರು ಪರಸ್ಪರ ಬೇಗ ಹತ್ತಿರವಾದರು. ತಿಂಗಳುಗಳು ಕಳೆದ ಮೇಲೆ ಉಳಿದ ತರಗತಿಯವರೂ ಅಷ್ಟೇ ಹತ್ತಿರವಾಗಿದ್ದರು. ಅಂದರೆ ಹಾಡು ಸ್ನೇಹವನ್ನು ಸೃಷ್ಟಿಸುವ ಏಕೈಕ ಮಾರ್ಗವಲ್ಲ, ಬೇಗ ತಲುಪಿಸುವ ಮಾರ್ಗ.

ಅದೇ ಹಾಡು, ಬೇರೆ ಪರಿಣಾಮ

ಇಲ್ಲಿಂದ ಕಥೆ ತೊಡಕಾಗುತ್ತದೆ. ಸ್ವೀಡನ್ನಿನಲ್ಲಿ 2003ರ ಅಧ್ಯಯನವೊಂದು ಎಂಟು ಹವ್ಯಾಸಿಗಳನ್ನೂ ಎಂಟು ವೃತ್ತಿಪರರನ್ನೂ ಒಂದು ಗಾಯನ ಪಾಠದ ಮೊದಲು ಮತ್ತು ನಂತರ ಪರೀಕ್ಷಿಸಿತು. ಹವ್ಯಾಸಿಗಳು ಹಗುರವಾಗಿ, ಖುಷಿಯಾಗಿ ಹೊರಬಂದರು. ವೃತ್ತಿಪರರಿಗೆ ಅದೇ ಪಾಠ ಸಾಧನೆಯ ಲೆಕ್ಕಾಚಾರವಾಗಿತ್ತು: ಸ್ವರಸ್ಥಾನ ಸರಿಯಿತ್ತೇ, ಕಂಠ ಕೂಡಿಬಂತೇ.

ಕ್ಯಾಲಿಫೋರ್ನಿಯಾದ ವೃತ್ತಿಪರ ವೃಂದವೊಂದರ ಮೇಲೆ 2000ದಲ್ಲಿ ಪ್ರಕಟವಾದ ಅಧ್ಯಯನದ ಅಂಕಿಗಳು ಇನ್ನೂ ಸ್ವಾರಸ್ಯಕರ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ತಾಲೀಮಿನಲ್ಲಿ ಸರಾಸರಿ ಶೇ 30ರಷ್ಟು ಇಳಿಯಿತು, ಕಛೇರಿಯಲ್ಲಿ ಶೇ 37ರಷ್ಟು ಏರಿತು. ಆದರೆ ದೇಹದ ರಕ್ಷಣೆಗೆ ನೆರವಾಗುವ, ಎಂಜಲಿನಲ್ಲಿ ಸಿಗುವ ಪ್ರತಿಕಾಯವೊಂದರ ಪ್ರಮಾಣ ಕಛೇರಿಯಲ್ಲೇ ಹೆಚ್ಚು ಏರಿತು. 2015ರ ಬ್ರಿಟಿಷ್ ಅಧ್ಯಯನವೊಂದು ಕಾರ್ಟಿಸಾಲ್ ಕುರಿತ ಮೊದಲ ಮಾತನ್ನು ದೃಢಪಡಿಸಿತು: ಒತ್ತಡ ಕಡಿಮೆ ಇರುವಲ್ಲಿ ಹಾಡಿದರೆ ಅದು ಇಳಿಯುತ್ತದೆ, ಹೆಚ್ಚಿರುವಲ್ಲಿ ಹಾಡಿದರೆ ಏರುತ್ತದೆ. ಗಾಯಕರು ಅದೇ, ಕಂಠ ಅದೇ.

ಇದರಿಂದ ಎರಡು ತೀರ್ಮಾನಗಳಿಗೆ ಬರಬಹುದು. ವೇದಿಕೆಯ ಉದ್ವೇಗವೆಲ್ಲ ವಿಷವಲ್ಲ. ಸಿದ್ಧತೆ ಮಾಡಿಕೊಂಡು, ತಾನೇ ಒಪ್ಪಿಕೊಂಡು ಎದುರಿಸುವ ಒತ್ತಡ ಗಾಯಕನನ್ನು ಎತ್ತಿ ಹಿಡಿಯಲೂಬಹುದು. ಯಾವಾಗ, ಯಾರ ಮೇಲೆ, ಏಕೆ ಬೀಳುತ್ತದೆ ಎಂದು ಊಹಿಸಲಾಗದ ಒತ್ತಡದ ಕಥೆ ಬೇರೆ. ತಾಲೀಮಿನಲ್ಲಿ ಕಾರ್ಟಿಸಾಲ್ ಇಳಿಯಲು ಅಲ್ಲಿ ತಪ್ಪು ಮಾಡುವ ಸ್ವಾತಂತ್ರ್ಯ ಇರಬೇಕು. ಆ ಸ್ವಾತಂತ್ರ್ಯವನ್ನು ಕೊಡುವುದೂ ಕಸಿಯುವುದೂ ಎದುರು ನಿಂತ ಒಬ್ಬರ ಕೈಯಲ್ಲಿದೆ.

ಕೈ ಎತ್ತುವ ಕ್ಷಣ

'ಕೈಯಲ್ಲಿದೆ' ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಹಾಡು ಶುರುವಾಗುವುದಕ್ಕೆ ಒಂದು ಮಾತ್ರೆ ಮೊದಲು ನಿರ್ದೇಶಕರು ಕೈ ಎತ್ತುತ್ತಾರೆ; ಆ ಎತ್ತುವಿಕೆಯೇ ನಲವತ್ತು ಮಂದಿಗೆ ಉಸಿರೆಳೆಯುವ ಸೂಚನೆ. ಕೈಯ ಜೊತೆ ಹೆಗಲೂ ಕಿವಿಯತ್ತ ಏರಿದರೆ, ಎದುರಿಗಿರುವವರ ಹೆಗಲುಗಳೂ ಅರಿವಿಲ್ಲದೆ ಏರುತ್ತವೆ. ಅಮೆರಿಕದ ಸಂಗೀತ ಶಿಕ್ಷಣ ಸಂಶೋಧಕರು ಇದನ್ನು ಕ್ಯಾಮೆರಾ ಇಟ್ಟು ಅಳೆದಿದ್ದಾರೆ. ಹೆಗಲು ಏರಿದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ, ಕತ್ತಿನ ಸ್ನಾಯು ಬಿಗಿಯುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಎಳೆಯಲ್ಪಡುತ್ತದೆ. ತಾರ ಷಡ್ಜದ ಆಸುಪಾಸಿನಲ್ಲಿ ಹಾಡುವ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ನಾನೂರು ಬಾರಿಗೂ ಮೀರಿ ತಾಗುತ್ತಿರುತ್ತವೆ. ಪಾಶ್ಚಾತ್ಯ ಆಪೆರಾದ ಅತಿ ಎತ್ತರದ ಸ್ವರಗಳಲ್ಲಿ ಸಾವಿರ ದಾಟುತ್ತದೆ. ಬಿಗಿದ ಗಂಟಲಿನಿಂದ ಇದನ್ನು ಗಂಟೆಗಟ್ಟಲೆ ಮಾಡಿಸಿದರೆ ಧ್ವನಿ ಒರಟಾಗುವುದು, ಕಟ್ಟಿಹೋಗುವುದು ಅನಿವಾರ್ಯ. ಬೈಗುಳದ ಭಯ ಮಾಡುವುದೂ ಇದನ್ನೇ.

ಹೀಗಿರುವಾಗ ಸ್ವಾಸ್ಥ್ಯದ ಮಾತು ಬಹಳಷ್ಟು ಸಲ ಅತ್ಯಂತ ನೀರಸ ಸಂಗತಿಗಳಲ್ಲಿ ಅಡಗಿರುತ್ತದೆ. ಒತ್ತೊತ್ತಾಗಿ ನಿಲ್ಲಿಸಿದ ವೃಂದದಲ್ಲಿ ಗಾಯಕಿಗೆ ತನ್ನ ಧ್ವನಿ ತನಗೇ ಕೇಳುವುದಿಲ್ಲ. ಕೇಳಿಸಿಕೊಳ್ಳಲು ಆಕೆ ಇನ್ನಷ್ಟು ಜೋರಾಗಿ ಹಾಡುತ್ತಾಳೆ, ಪಕ್ಕದವಳೂ ಏರಿಸುತ್ತಾಳೆ. ಇಬ್ಬರ ನಡುವೆ ಒಂದಿಷ್ಟು ಜಾಗ ಬಿಟ್ಟರೆ ಈ ಪೈಪೋಟಿ ಇಳಿಯುತ್ತದೆ, ಗಂಟಲ ಶ್ರಮವೂ ಇಳಿಯುತ್ತದೆ ಎಂದು ಸ್ಟಾಕ್‌ಹೋಮ್‌ನಿಂದ ಕಾನ್ಸಾಸ್‌ವರೆಗಿನ ಸಂಶೋಧನೆಗಳು ತೋರಿಸಿವೆ. ಎತ್ತರದ ಸಾಲುಗಳನ್ನು ಪದೇಪದೇ ಪೂರ್ಣ ಕಂಠದಲ್ಲಿ ಹಾಡಿಸದೆ ಕೆಳಗಿನ ಸ್ಥಾಯಿಯಲ್ಲಿ ಕಲಿಸುವುದು, ನೀರು ಕುಡಿಯಲು ಬಿಡುವು, ತಾಲೀಮು ಹೇಳಿದ ಹೊತ್ತಿಗೆ ಮುಗಿಯುವುದು: ಇವುಗಳಿಗೆ ಯಾವ ಶಿಬಿರದ ಶುಲ್ಕವೂ ಬೇಡ. ಬಹುಶಃ ಅದಕ್ಕೇ ಇವುಗಳ ಬಗ್ಗೆ ಯಾರೂ ಕರಪತ್ರ ಹಂಚುವುದಿಲ್ಲ.

ಮೈಂಡ್‌ಫುಲ್‌ನೆಸ್ ಎಲ್ಲಿ ಒದಗುತ್ತದೆ

ಬೌದ್ಧ ಧ್ಯಾನದ ಬೇರಿನ ಈ ಅಭ್ಯಾಸವನ್ನು 1979ರಲ್ಲಿ ಜಾನ್ ಕಬತ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಎಂಟು ವಾರಗಳ ಪಾಠವಾಗಿ ರೂಪಿಸಿದರು. ಮರುಕಳಿಸುವ ಖಿನ್ನತೆಗೆ ಇದರ ಒಂದು ರೂಪವನ್ನು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಗಳು 2004ರಿಂದ ಶಿಫಾರಸು ಮಾಡುತ್ತಿವೆ. ಗಾಯನದ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಿ ನೋಡಿದ ಇಂಗ್ಲೆಂಡಿನ ಸಣ್ಣ ಅಧ್ಯಯನಗಳಲ್ಲಿ, ಮೈಯ ಬಿಗಿತವನ್ನು ಬೇಗ ಗುರುತಿಸಿಕೊಳ್ಳಲು, ಪಾಠದಲ್ಲಿ ಗಮನ ನಿಲ್ಲಿಸಲು ಅನುಕೂಲವಾಯಿತು ಎಂದು ವಿದ್ಯಾರ್ಥಿಗಳು ಹೇಳಿದ್ದಾರೆ. ಹೆಗಲು ಏರಿದ್ದು ತನಗೇ ಗೊತ್ತಾಗುವುದು ಗಾಯಕನಿಗೆ ಸಣ್ಣ ಲಾಭವಲ್ಲ.

ಆದರೆ ಗುಂಪಿಗೆ ಗುಂಪನ್ನೇ ಕೂರಿಸಿ ಕಲಿಸಿದರೆ? ಬ್ರಿಟನ್ನಿನ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಮಕ್ಕಳಿಗೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಕಲಿಸಿದ ಶಿಕ್ಷಕರ ದಣಿವು ಮಾತ್ರ ಆ ಹೊತ್ತಿಗೆ ತಗ್ಗಿತು, ಶಾಲೆಯ ವಾತಾವರಣವೂ ತುಸು ಸುಧಾರಿಸಿತು. ಶಾಲೆಯ ಫಲಿತಾಂಶವನ್ನು ಗಾಯನವೃಂದಕ್ಕೆ ನೇರವಾಗಿ ಅನ್ವಯಿಸಲಾಗದು. ಆದರೂ ಸುಳಿವು ಸ್ಪಷ್ಟ: ತಾಲೀಮಿನ ಮೊದಲ ಹತ್ತು ನಿಮಿಷ ಗಾಯಕರ ಕಣ್ಣು ಮುಚ್ಚಿಸುವುದಕ್ಕಿಂತ, ನಿರ್ದೇಶಕರು ಮನೆಯಲ್ಲೇ ಕಣ್ಣು ಮುಚ್ಚಿ ಕುಳಿತು ಬಂದರೆ ಇಡೀ ವೃಂದಕ್ಕೆ ಹೆಚ್ಚು ಫಲ ಸಿಕ್ಕೀತು.

ನಿರ್ದೇಶಕರಿಗೆ ಅದರ ಅಗತ್ಯವೂ ಇದೆ. ಒಬ್ಬಂಟಿ ಕೆಲಸ ಅದು. ಸ್ವರಪಟ್ಟಿ ಓದುವುದನ್ನು ವರ್ಷಗಟ್ಟಲೆ ಕಲಿಸುತ್ತಾರೆ, ನಲವತ್ತು ಮಂದಿಯ ಅಹಂ, ಬೇಸರ, ಗೈರುಹಾಜರಿಗಳನ್ನು ಸಂಭಾಳಿಸುವುದನ್ನು ಕಲಿಸುವವರು ಕಡಿಮೆ. ಕಛೇರಿ ಕೆಟ್ಟರೆ ಹೊಣೆ ಒಬ್ಬರದೇ. ವೃಂದದ ಮೇಲೆ ಕೂಗಿ ಕೂಗಿ ಧ್ವನಿ ಕಳೆದುಕೊಳ್ಳುವವರಲ್ಲಿ ನಿರ್ದೇಶಕರೇ ಮೊದಲಿಗರು.

ಇದನ್ನು ಒಪ್ಪಿಯೂ ಕಲಾವಿದರ ಸಂಘಟನೆಗಳು ಎತ್ತುವ ಆಕ್ಷೇಪ ತೂಕದ್ದು. ಬೈಯುವ ನಿರ್ದೇಶಕ, ತಡವಾಗಿ ಬರುವ ಸಂಭಾವನೆ, ಮುಂದಿನ ತಿಂಗಳ ಕೆಲಸದ ಅನಿಶ್ಚಿತತೆ ಇವೆಲ್ಲ ಇದ್ದಂತೆಯೇ ಇರಲು ಬಿಟ್ಟು ಗಾಯಕರಿಗೆ ಧ್ಯಾನ ಕಲಿಸಿದರೆ, ಸಹಿಸಿಕೊಳ್ಳುವ ಹೊಣೆಯನ್ನು ಪೆಟ್ಟು ತಿಂದವರ ಮೇಲೇ ಹೊರಿಸಿದಂತೆ. ಅದು ಚಿಕಿತ್ಸೆಯಾಗುವುದಿಲ್ಲ, ತರಬೇತಿ ಪಡೆದ ಮೌನವಾಗುತ್ತದೆ.

ಕೋಪವಿಲ್ಲದೆ ಕಲೆ ಇಲ್ಲವೇ?

ಎದುರಾಳಿ ವಾದವನ್ನು ಅಣಕಿಸಿ ತಳ್ಳಬಾರದು. ಇಟಲಿಯ ಹೆಸರಾಂತ ವಾದ್ಯವೃಂದ ನಿರ್ದೇಶಕ ತೊಸ್ಕಾನಿನಿಯ ಕಾಲದಿಂದಲೂ ನಿರ್ದೇಶಕರ ಸಿಡುಕು ಸಂಗೀತಲೋಕದ ದಂತಕಥೆ. ಕಟ್ಟುನಿಟ್ಟಿಲ್ಲದೆ ಶ್ರೇಷ್ಠತೆ ಬರುವುದಿಲ್ಲ, ಎಲ್ಲರನ್ನೂ ಓಲೈಸುತ್ತಾ ಕುಳಿತರೆ ಸ್ವರ ಸೇರುವುದಿಲ್ಲ ಎಂದು ಈ ಪಕ್ಷ ಹೇಳುತ್ತದೆ. ಮೊದಲರ್ಧ ನಿಜ. ತಪ್ಪು ಸ್ವರವನ್ನು ತಪ್ಪು ಎನ್ನದ ನಿರ್ದೇಶಕರು ಯಾರಿಗೂ ಬೇಡ. ಆದರೆ ತಪ್ಪನ್ನು ತಿದ್ದುವುದಕ್ಕೂ ತಪ್ಪು ಮಾಡಿದವರನ್ನು ಹೀಗಳೆಯುವುದಕ್ಕೂ ಇರುವ ಅಂತರವನ್ನು ಈ ವಾದ ಮಸುಕುಗೊಳಿಸುತ್ತದೆ. ಲಾ ಕೋತ್‌ನ ಘಟನೆಯಲ್ಲಿ ತಪ್ಪಿದ್ದು ಸ್ವರವೂ ಅಲ್ಲ, ತಾಳವೂ ಅಲ್ಲ. ಅಲ್ಲದೆ, ಸೂಸಾ ಮುಂದುವರಿಸಿದ ಪ್ರವಾಸ ಸಂಗೀತದ ದೃಷ್ಟಿಯಿಂದ ಕುಸಿಯಲಿಲ್ಲ.

ಮುಂದೆ ಆಗಬಹುದಾದದ್ದು

ದೂರು ಕೊಡುವ ದಾರಿ ಎಷ್ಟು ಕಿರಿದು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಬ್ರಿಟನ್ನಿನ ಇಂಥ ವೃಂದಗಳ ಗಾಯಕರಲ್ಲಿ ಹೆಚ್ಚಿನವರು ಖಾಯಂ ನೌಕರರಲ್ಲ, ಕಾರ್ಯಕ್ರಮದ ಲೆಕ್ಕದಲ್ಲಿ ಬಂದುಹೋಗುವವರು. ದೂರಿದವರ ಹೆಸರು ಮುಂದಿನ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗಬಹುದು. ತೆಗೆದುಹಾಕಿದ್ದಕ್ಕೆ ಸಾಕ್ಷಿಯೂ ಉಳಿಯುವುದಿಲ್ಲ. 2024ರ ಜನವರಿಯಲ್ಲಿ ಬ್ರಿಟಿಷ್ ಸಂಸದೀಯ ಸಮಿತಿಯೊಂದು ಸಂಗೀತೋದ್ಯಮದ ಸ್ತ್ರೀದ್ವೇಷದ ಕುರಿತ ವರದಿಯಲ್ಲಿ, ಕಿರುಕುಳ ಮತ್ತು ತಾರತಮ್ಯದ ವಿರುದ್ಧ ನೌಕರರಿಗಿರುವ ರಕ್ಷಣೆ ಸ್ವತಂತ್ರ ಕಲಾವಿದರಿಗೂ ಸಿಗಬೇಕೆಂದಿತು. ಅಂದಿನ ಸರ್ಕಾರ ಶಿಫಾರಸುಗಳನ್ನು ಬಹುಪಾಲು ತಳ್ಳಿಹಾಕಿತು. ಕಾನೂನು ಬದಲಾಗದಿದ್ದರೆ ಸಂಸ್ಥೆಗಳು ಸುಲಭದ ದಾರಿ ಹಿಡಿಯುವ ಸಾಧ್ಯತೆ ಹೆಚ್ಚು: ನೀತಿಸಂಹಿತೆಗೆ ಸಹಿ, ವರ್ಷಕ್ಕೊಂದು ಸ್ವಾಸ್ಥ್ಯ ಕಾರ್ಯಾಗಾರ.

ಹವ್ಯಾಸಿ ವೃಂದಗಳ ಮೇಲೆ ಬೀಳುವ ಭಾರ ಇನ್ನೊಂದು ಬಗೆಯದು. ಆರೋಗ್ಯ ಸೇವೆ ರೋಗಿಯನ್ನು ಕಳುಹಿಸುತ್ತದೆ; ರೋಗಿಯ ಜೊತೆ ಹಣ ಬರುವುದು ಖಾತ್ರಿಯಿಲ್ಲ. ಗಂಡನನ್ನು ಕಳೆದುಕೊಂಡವರು, ಆತ್ಮಹತ್ಯೆಯ ಯೋಚನೆಯಿಂದ ಈಗಷ್ಟೇ ಹೊರಬಂದವರು ಮಂಗಳವಾರ ಸಂಜೆ ಚರ್ಚಿನ ಹಾಲ್‌ಗೆ ಬಂದು ಕುಳಿತಾಗ, ಅವರನ್ನು ಎದುರುಗೊಳ್ಳುವುದು ಮನೋವೈದ್ಯರಲ್ಲ, ಅಲ್ಪ ಸಂಭಾವನೆಗೆ ಹಾಡಿಸುವ ನಿರ್ದೇಶಕಿ. ಹಾಡಿನ ಮಧ್ಯೆ ಯಾರಾದರೂ ಅತ್ತರೆ ಏನು ಮಾಡಬೇಕೆಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ಸಾಮಾಜಿಕ ಶಿಫಾರಸು ಯಶಸ್ವಿಯಾದಷ್ಟೂ ಹಾಡಿಸುವವರ ದಣಿವು ಹೆಚ್ಚುತ್ತದೆ ಎಂಬ ವಿಚಿತ್ರ ಸ್ಥಿತಿ ಇದು.

ನಮ್ಮ ಕಡೆ

ನಮ್ಮಲ್ಲಿ ವೈದ್ಯರು ಭಜನಾ ಮಂಡಳಿಗೆ ಚೀಟಿ ಬರೆಯುವ ಪದ್ಧತಿ ಇಲ್ಲ. ಆದರೆ ಮೇಲಿನ ಅಧ್ಯಯನಗಳು ಹೇಳುವ ಅನುಕೂಲಗಳೆಲ್ಲ ವಾರಕ್ಕೊಮ್ಮೆ ಸೇರುವ, ಟಿಕೆಟ್ ಇಲ್ಲದ, ಅಪಸ್ವರಕ್ಕೆ ದಂಡವಿಲ್ಲದ ಭಜನೆಯಲ್ಲಿ ಮೊದಲಿನಿಂದಲೂ ಇವೆ. ದೊಡ್ಡ ಪ್ರಮಾಣದ ಸಮೂಹಗಾನವನ್ನು ಸರ್ಕಾರವೇ ಹಮ್ಮಿಕೊಂಡದ್ದೂ ಉಂಟು. 2022ರ ಅಕ್ಟೋಬರ್ 28ರ ಕೋಟಿ ಕಂಠ ಗಾಯನ ನೆನಪಿಸಿಕೊಳ್ಳಬಹುದು. ಅದೇ ವರ್ಷ ನಾಡಗೀತೆಯ ಧಾಟಿ ಮೈಸೂರು ಅನಂತಸ್ವಾಮಿಯವರದು, ಅವಧಿ 2 ನಿಮಿಷ 30 ಸೆಕೆಂಡು ಎಂದು ಆದೇಶವೂ ಹೊರಟಿತು. ಧಾಟಿ, ಅವಧಿಗಳ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. ಯಾವ ಶ್ರುತಿಯಲ್ಲಿ ಹಾಡಿಸಿದರೆ ಮಕ್ಕಳ ಗಂಟಲಿಗೆ ಹಿತ ಎಂಬ ಮಾತು ಆ ಗದ್ದಲದಲ್ಲಿ ಕೇಳಿಬಂದದ್ದು ಕಡಿಮೆ.

ಹಾಡುತ್ತಲೇ ಹಾಡಿಸುವ ನಿರ್ದೇಶಕರು ನಮಗೂ ಇದ್ದಾರೆ. ಯಕ್ಷಗಾನದ ಭಾಗವತರು ಪದ ಹೇಳುತ್ತಾ, ಜಾಗಟೆ ಹಿಡಿದು ಹಿಮ್ಮೇಳವನ್ನೂ ಮುಮ್ಮೇಳವನ್ನೂ ನಡೆಸುವವರು. ಅವರನ್ನು ಒಂದನೆಯ ವೇಷ ಎನ್ನುವುದು ಸುಮ್ಮನಲ್ಲ. ತಿರುಗಾಟದ ತಿಂಗಳುಗಳಲ್ಲಿ ರಾತ್ರಿಯ ಮೇಲೆ ರಾತ್ರಿ ಏರುಶ್ರುತಿಯಲ್ಲಿ ಹಾಡಬೇಕು. ಕಾಲಮಿತಿ ಪ್ರದರ್ಶನಗಳು ಬೇಕೇ ಬೇಡವೇ ಎಂಬ ಚರ್ಚೆ ಪರಂಪರೆ ಮತ್ತು ಪ್ರೇಕ್ಷಕರ ಸುತ್ತಲೇ ಸುತ್ತುತ್ತದೆ. ಭಾಗವತರ ಕಂಠಕ್ಕೆ ಸಿಗುವ ವಿಶ್ರಾಂತಿ ಅದರಲ್ಲಿ ಒಂದು ವಾದವಾಗಿ ನಿಲ್ಲುವುದು ಅಪರೂಪ.

ದೂರಿನ ದಾರಿ ನಮ್ಮಲ್ಲೂ ಕಿರಿದು. 2018ರಲ್ಲಿ ಲೈಂಗಿಕ ಕಿರುಕುಳದ ಆರೋಪಗಳ ನಂತರ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಏಳು ಕಲಾವಿದರನ್ನು ಡಿಸೆಂಬರ್ ಉತ್ಸವದಿಂದ ಕೈಬಿಟ್ಟಾಗ ಸಂಗೀತಲೋಕ ಬೆಚ್ಚಿತ್ತು. ಅಂಥ ದೂರುಗಳಿಗೆ 2013ರ ಕಾಯ್ದೆಯಿದೆ. ಹತ್ತು ಮಂದಿಗಿಂತ ಕಡಿಮೆ ನೌಕರರಿರುವ ಕಡೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ಮುಂದೆ ಹೋಗಬಹುದು. ಆದರೆ ಆ ಕಾಯ್ದೆ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಮಾತ್ರ. ಎಲ್ಲರೆದುರು ಹೀಯಾಳಿಸುವುದು, ತಾಳ ತಪ್ಪಿದ್ದಕ್ಕೆ ತಾಲೀಮಿನಿಂದ ಹೊರಗಟ್ಟುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಮೇಳದಲ್ಲಿ, ತಂಡದಲ್ಲಿ, ಗುರುಗಳ ಮನೆಯಲ್ಲಿ ಅಂಥದ್ದು ನಡೆದರೆ ಹೇಳಿಕೊಳ್ಳಲು ಇರುವುದು ಆ ಗುರುಗಳು ಅಥವಾ ಅವರ ಆಪ್ತರು ಮಾತ್ರ.